ಬೇಲಿಯಾಚೆಯ ಕಾವು

ಬಿಜೂರಿನ ಕಮಲಕ್ಕನ ಕೋಳಿಗಳು ಒಂದೇ ವಾರದಲ್ಲಿ ಒಂದೂ ಉಳಿಯದ ಹಾಗೆ ಸತ್ತುಹೋದವು. ಆ ವಾರವಿಡೀ ಅವಳಿಗೆ ಊಟ ಸೇರಲಿಲ್ಲ. ಪಾಪ, ಕೈಯಾರೆ ಸಾಕಿದ ಜೀವಗಳಲ್ಲವಾ ಅಂತ ಕೇರಿಯವರು ಮರುಗಿದರು. ಮರುಗಿದವರಿಗೇನು ಗೊತ್ತು? ತನ್ನ ಕೋಳಿ ಸತ್ತ ಸಂಕಟ ಒಂದು ಪಾಲಾದರೆ, ಬೇಲಿಯಾಚೆ ಅಮ್ಮಣ್ಣಿಯ ಕೋಳಿಗಳು ಒಂದೂ ಸಾಯದೆ ಬದುಕಿದ್ದ ಸಂಕಟ ಮೂರು ಪಾಲು. ಅವು ಒಂದೆರಡಾದರೂ ಸತ್ತಿದ್ದರೆ ಕಮಲಕ್ಕ ಗಂಜಿ ಕುಡಿದು ಸಮಾಧಾನವಾಗಿ ಮಲಗುತ್ತಿದ್ದಳೋ ಏನೋ.

ಅಮ್ಮಣ್ಣಿ ಬೇರೆ ಯಾರೂ ಅಲ್ಲ, ಓರಗಿತ್ತಿ. ಕಮಲಕ್ಕನ ಗಂಡ ಚಂದ್ರ ಗಂಗೊಳ್ಳಿಯಲ್ಲಿ ಬೋಟಿಗೆ ಹೋಗುವವನು. ಅವನ ತಮ್ಮ ಬಾಲಚಂದ್ರ ಮುಂಬಯಿಯ ಕ್ಯಾಂಟೀನಿನಲ್ಲಿ. ಹಿತ್ತಿಲು ಪಾಲಾದಾಗ ನಡುವೆ ದಾಸವಾಳದ ಬೇಲಿ ಬಂತು, ಬೇಲಿ ಬಂದ ದಿನದಿಂದ ಕಮಲಕ್ಕನ ಕಣ್ಣು ಆಚೆಯೇ. ಎರಡೂ ಹಿತ್ತಿಲಲ್ಲಿ ಬಾವಿಯಿದ್ದರೂ ಬೇಸಗೆಯಲ್ಲಿ ಸಿಹಿನೀರು ಉಳಿಯುವುದು ಅಮ್ಮಣ್ಣಿಯದ್ದರಲ್ಲಿ. ಅಮ್ಮಣ್ಣಿಗೆ ದನವಿದೆ, ಹುಲ್ಲು ಒಟ್ಟಿದ ಕುತ್ರಿಯಿದೆ. ಮಗಳು ವಿಜೇತಾಳನ್ನು ಬ್ರಹ್ಮಾವರದ ಒಳ್ಳೆಯ ಮನೆಗೆ ಕೊಟ್ಟಾಗಿದೆ. ಹೋಗಲಿ ಅಂದರೆ, ಸಾಯುವ ಕಾಲಕ್ಕೆ ಅತ್ತೆ ಕೂಡ ಹಿರಿಸೊಸೆಯನ್ನು ಪಕ್ಕದಲ್ಲಿಟ್ಟುಕೊಂಡು "ಅಮ್ಮಣ್ಣಿ, ಒಂಚೂರ್ ನೀರ್ ಕೊಡ್" ಅಂದಿದ್ದಳು. ಆ ಒಂದು ಲೋಟ ನೀರನ್ನು ಕಮಲಕ್ಕ ಇವತ್ತಿಗೂ ಮರೆತಿಲ್ಲ.

ಹೀಗೆ ಎಲ್ಲದರಲ್ಲೂ ಒಂದು ಹೆಜ್ಜೆ ಹಿಂದೆ ಬಿದ್ದ ಕಮಲಕ್ಕ ತಲೆಯೆತ್ತಿ ನಿಲ್ಲುತ್ತಿದ್ದದ್ದು ಕೋಳಿಯ ವಿಷಯದಲ್ಲಿ ಮಾತ್ರ. ಅಮ್ಮಣ್ಣಿಯ ಹತ್ತಿರ ಇದ್ದದ್ದು ಒಂದು ಹುಂಜ, ಬೂದಿ ಅಂತ ಒಂದು ಹೇಂಟೆ, ಮತ್ತೆರಡು ಲೆಕ್ಕಕ್ಕಿಲ್ಲದವು. ಕಮಲಕ್ಕನ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಭಾನುವಾರ ಬೈಂದೂರಿನಿಂದ ಬೈಕಿನಲ್ಲಿ ಬಂದು "ಕಮಲಕ್ಕನ ಊರ್ಕೋಳಿ ಇತ್ತಾ?" ಅಂತ ಕೇಳುವವರಿದ್ದರು. ಅವುಗಳಲ್ಲೆಲ್ಲ ರಾಣಿ ಕೆಂಪಿ. ಮಣ್ಣಿನ ಹೆಂಚಿನ ಬಣ್ಣದ ಹೇಂಟೆ, ನಡೆಯುವುದೇ ಒಂದು ಗತ್ತು. ಕಮಲಕ್ಕನಿಗೆ ಮೊಟ್ಟೆಯನ್ನು ಅಂಗೈಯಲ್ಲಿ ಹಿಡಿದರೆ ಸಾಕು, ಇದು ಯಾವ ಹೇಂಟೆಯದ್ದು ಅಂತ ಕಣ್ಣು ಮುಚ್ಚಿ ಹೇಳುತ್ತಿದ್ದಳು. ಕೆಂಪಿಯದ್ದು ಒಂದು ತುದಿ ಚೂಪು. ಆ ಕೆಂಪಿ ಕೊನೆಕೊನೆಗೆ ಗೂಡಿನಲ್ಲಿ ಮೊಟ್ಟೆ ಇಡುವುದನ್ನು ನಿಲ್ಲಿಸಿತ್ತು. "ತಿಂಬುದ್ ಮಾತ್ರ ಗೊತ್ತಿತ್ತ್ ಕಾಣ್ ನಿಂಗೆ" ಅಂತ ಕಮಲಕ್ಕ ದಿನಾ ಬೈಯುತ್ತಿದ್ದಳು.

ಇಷ್ಟಿದ್ದರೂ ಸುಮ್ಮನಿದ್ದಳಾ? ಇರಲಿಲ್ಲ. ಮೀನು ತರುವ ಹೆಂಗಸು ಒಂದು ದಿನ ಅಮ್ಮಣ್ಣಿಯ ಹುಂಜ ಕೂಗಿದ್ದನ್ನು ಕೇಳಿ "ಎಂತಾ ಗಂಟ್ಲ್ ಮಾರಾಯ್ತಿ ಅದ್ರದ್ದ್!" ಅಂದುಬಿಟ್ಟಳು. ಅಷ್ಟೇ. ಮರುದಿನ ಕಮಲಕ್ಕ ಬಸ್ಸು ಹತ್ತಿ ಬ್ರಹ್ಮಾವರಕ್ಕೆ ಹೋಗಿ, ರಸ್ತೆ ಬದಿಯಲ್ಲಿ ಕೋಳಿ ಮಾರುತ್ತಿದ್ದವನಿಂದ ಮೊಣಕಾಲೆತ್ತರದ ಒಂದು ಹುಂಜವನ್ನು ತಂದಳು. ಬಾಲವೇ ಒಂದು ಮೊಳ. ಅದನ್ನು ಬೇಲಿಯ ಪಕ್ಕದಲ್ಲೇ, ಅಮ್ಮಣ್ಣಿಗೆ ಕಾಣುವ ಹಾಗೆ ಚೀಲದಿಂದ ಬಿಚ್ಚಿದಳು.

ಅಮ್ಮಣ್ಣಿ ಕಂಡಳು. "ಹ್ವಾಯ್ ಅಕ್ಕ, ಚೆಂದ ಇತ್ತ್. ಆರೆ ಹೊಸ ಹಕ್ಕಿ ಅಲ್ದಾ, ನಾಲ್ಕ್ ದಿನ ಬೇರೆ ಕಟ್ಟಿ ಹಾಕಿ. ಎಲ್ಲಿಂದ ಎಂತ ಬೇನೆ ತಂದಿತ್ತೋ" ಅಂದಳು.

ಇದೇ ಮಾತನ್ನು ಬೇರೆ ಯಾರು ಹೇಳಿದ್ದರೂ ಕಮಲಕ್ಕ ಕೇಳುತ್ತಿದ್ದಳು. ಅವಳಿಗೇನು ತಿಳಿಯದ ವಿಷಯವಾ? ಸಂತೆಯ ಕೋಳಿಯನ್ನು ಬೇರೆ ಕಟ್ಟಬೇಕೆಂದು ಊರಿಗೆಲ್ಲ ಹೇಳುತ್ತಿದ್ದವಳೇ ಅವಳು. ಆದರೆ ಹೇಳಿದ್ದು ಅಮ್ಮಣ್ಣಿಯಾಯಿತಲ್ಲ. "ಕೋಳಿ ಸಾಕೂಕೆ ನಂಗೆ ನೀನ್ ಕಲ್ಸ್ಕಾ?" ಅಂದು, ಅವಳ ಎದುರೇ ಹುಂಜವನ್ನು ಹೇಂಟೆಗಳ ನಡುವೆ ಬಿಟ್ಟಳು. ಪಕ್ಕದ ಮನೆಯವಳಿಗೆ ಅಪಶಕುನವಾಗಲಿ ಅಂತ ಮೂಗು ಕೊಯ್ದುಕೊಳ್ಳುವುದು ಅಂದರೆ ಇದೇ ಕಂಡ್ರಾ.

ಹುಂಜ ತೂಕಡಿಸಿತು, ಕುತ್ತಿಗೆ ತಿರುಚಿತು, ಬಿತ್ತು. ಅದರ ಹಿಂದೆ ಒಂದೊಂದೇ. ಕೊನೆಗೆ ಕೆಂಪಿ ಕಮಲಕ್ಕನ ಮಡಿಲಲ್ಲೇ ಕಣ್ಣು ಮುಚ್ಚಿತು. ಅಮ್ಮಣ್ಣಿಯೋ, ಹೊಸ ಹುಂಜ ಬಂದ ಗಳಿಗೆಯಲ್ಲೇ ತನ್ನವನ್ನೆಲ್ಲ ದನದ ಹಟ್ಟಿಯೊಳಗೆ ಕೂಡಿ ಬಾಗಿಲು ಹಾಕಿದ್ದಳು. ಚಂದ್ರ ಬೋಟಿನಿಂದ ಬಂದವನು ಹೊಂಡ ತೋಡಿ ಎಲ್ಲವನ್ನೂ ಹೂತು, ಸುಣ್ಣ ಹಾಕಿ, ಸ್ನಾನಕ್ಕೆ ಹೋದ.

ಆಮೇಲಿನ ಬೆಳಗುಗಳು ನರಕ. ಈ ಅಂಗಳದಲ್ಲಿ ಸದ್ದಿಲ್ಲ. ಆಚೆಯಿಂದ ಆ ಹುಂಜ ಗಂಟಲು ಹರಿಯುವಂತೆ ಕೂಗುತ್ತದೆ. ಕಮಲಕ್ಕ ಹೊದಿಕೆಯನ್ನು ಕಿವಿಗೆ ಎಳೆದುಕೊಂಡು ಹಲ್ಲು ಕಡಿಯುತ್ತಾಳೆ. ಎದ್ದ ಮೇಲೂ ಅಭ್ಯಾಸಬಲದಿಂದ ನುಚ್ಚು ತುಂಬಿದ ತೆಂಗಿನ ಗೆರಟೆ ಹಿಡಿದು ಹೊರಗೆ ಬಂದು, ಖಾಲಿ ಅಂಗಳ ನೋಡಿ, ಗೆರಟೆಯನ್ನು ಜಗಲಿಯಲ್ಲಿ ಕುಕ್ಕಿ ಒಳಗೆ ಹೋಗುತ್ತಾಳೆ.

ಅಮ್ಮಣ್ಣಿ ಮಾತಾಡಿಸಲು ಬಂದಳು. "ಬೇಜಾರ್ ಮಾಡ್ಕಂಬೇಡಿ ಅಕ್ಕ. ನಮ್ ಬೂದಿ ಕಾವಿಗೆ ಕೂತಿತ್ತ್. ಮರಿ ಆಯ್ಲಿ, ಮತ್ತೆ ಕಾಂಬ..."

"ನಿನ್ನ್ ಬೂದಿ ಕೂಕಂಡ್ರೆ ನಂಗೆಂತ?" ಅಂದಳು ಕಮಲಕ್ಕ. ಅಮ್ಮಣ್ಣಿ ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡು ಹೋದಳು. ತನ್ನ ಮನೆಯಲ್ಲಿ ಹೆಣ ಬಿದ್ದಾಗ ಅವಳು ಬಾಣಂತನದ ಸುದ್ದಿ ಹೇಳಲು ಬಂದಳಲ್ಲ, ಎಷ್ಟು ಕೊಬ್ಬು ಅಂತ ಕಮಲಕ್ಕ ಸಂಜೆವರೆಗೂ ಕುದಿದಳು.

ಆದರೆ ಕುದಿದರೆ ಕೋಳಿ ಬರುತ್ತದಾ? ಹಟ ಹಿಡಿದು ಕುಂಭಾಶಿಯ ತವರಿಗೆ ಹೋದಳು. ಅಲ್ಲಿ ಅತ್ತಿಗೆ ಬೆಳ್ಳಿಯ ಹತ್ತಿರ ಬೋಳು ಕುತ್ತಿಗೆಯ ಕೋಳಿಗಳಿದ್ದವು. ಕುತ್ತಿಗೆಗೆ ಒಂದು ಗರಿಯಿಲ್ಲ, ನೋಡಲು ವಿಕಾರ, ಆದರೆ ಗಟ್ಟಿ ತಳಿ. ಬೆಳ್ಳಿ ಒಳ್ಳೆಯ ಮೊಟ್ಟೆಗಳನ್ನು ಆರಿಸಿ ತೌಡು ತುಂಬಿದ ಡಬ್ಬದಲ್ಲಿ ಇಟ್ಟುಕೊಟ್ಟಳು. "ಕಾವಿಗೆ ಕೂತ ಹೇಂಟೆ ಇತ್ತಾ ಅತ್ಗೆ ನಿಮ್ಮಲ್ಲಿ?" ಅಂತ ಕೇಳಿದಳು.

"ಇತ್ತ್" ಅಂದಳು ಕಮಲಕ್ಕ. ಎಲ್ಲಿ ಅಂತ ಹೇಳಲಿಲ್ಲ.

ಬಸ್ಸಿನಲ್ಲಿ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಬಂದಳು, ಕುಲುಕಿದಾಗಲೆಲ್ಲ ಡ್ರೈವರನಿಗೆ ಶಾಪ ಹಾಕುತ್ತ. ಮನೆಗೆ ಬಂದು ಕೇರಿಯ ನಾಲ್ಕು ಮನೆ ತಿರುಗಿದಳು. ಕಾವು ಬಂದ ಹೇಂಟೆ ಯಾರಲ್ಲೂ ಇಲ್ಲ. ಇದ್ದದ್ದು ಒಂದೇ, ಬೇಲಿಯಾಚೆಯ ಬೂದಿ. ಮೊಟ್ಟೆಗಳೋ ದಿನ ಹೋದಷ್ಟೂ ಕೆಡುತ್ತವೆ.

ಕೇಳಿದರೆ ಆಗುತ್ತಿತ್ತು. ನಮ್ಮ ಕಡೆ ಅದಕ್ಕೊಂದು ಪದ್ಧತಿಯೇ ಇದೆ, ಪಾಲಿಗೆ ಇಡುವುದು ಅಂತ. ಮೊಟ್ಟೆ ಒಬ್ಬರದ್ದು, ಕಾವು ಇನ್ನೊಬ್ಬರ ಹೇಂಟೆಯದ್ದು, ಹುಟ್ಟಿದ ಮರಿಯಲ್ಲಿ ಅರ್ಧರ್ಧ. ಅದರಲ್ಲಿ ನಾಚಿಕೆಯೂ ಇಲ್ಲ, ಉಪಕಾರವೂ ಇಲ್ಲ. ಆದರೆ ಕಮಲಕ್ಕನ ತಲೆಬಿಸಿಯೇ ಬೇರೆ. ಅರ್ಧ ಪಾಲು ಕೇಳಿದರೆ ಕೊಡಬಹುದು, ಆದರೆ ಅಮ್ಮಣ್ಣಿ ಕೇಳುವವಳಲ್ಲ. "ಇರ್ಲಿ ಅಕ್ಕ, ಎಲ್ಲಾ ನೀವೇ ಇಟ್ಕಣಿ" ಅಂದುಬಿಡುತ್ತಾಳೆ. ಆ ಒಳ್ಳೆಯತನವನ್ನು ತಿಂದು ಅರಗಿಸಿಕೊಳ್ಳುವುದು ಹೇಗೆ? ಆಮೇಲೆ ಅಂಗಳದಲ್ಲಿ ಕೋಳಿ ಕೂಗಿದಾಗಲೆಲ್ಲ ಅದು ಅಮ್ಮಣ್ಣಿಯ ದಾನವೆಂದೇ ಕೇಳಿಸುತ್ತದೆ. ಬೇಡಪ್ಪ ಬೇಡ, ಅದಕ್ಕಿಂತ ಖಾಲಿ ಅಂಗಳವೇ ವಾಸಿ.

ಅಷ್ಟರಲ್ಲಿ ಅಮ್ಮಣ್ಣಿಯೇ ಬೇಲಿಯ ಹತ್ತಿರ ಬಂದಳು. "ಅಕ್ಕ, ವಿಜೇತಾಗೆ ಹುಷಾರಿಲ್ಲೆ ಅಂಬ್ರ್. ಬ್ರಹ್ಮಾವರಕ್ಕೆ ಹೋಯ್ ಬತ್ತೆ, ಸಂಜೆ ಬಸ್ಸಿಗೆ ಬತ್ತೆ. ದನಕ್ಕೆ ಒಂಚೂರ್ ಹುಲ್ ಹಾಕ್ತ್ರಾ?"

ಹಾಕುತ್ತೇನೆ ಅಂದಳು ಕಮಲಕ್ಕ. ಬಸ್ಸಿನ ಹಾರ್ನ್ ತಿರುವಿನಲ್ಲಿ ಕೇಳಿಸುವವರೆಗೆ ಕಾದು, ಡಬ್ಬ ಎತ್ತಿಕೊಂಡು ಬೇಲಿ ದಾಟಿದಳು.

ದನಕ್ಕೆ ಹುಲ್ಲು ಹಾಕಿದ್ದು ಹೌದು, ಆ ಮಟ್ಟಿಗೆ ಪ್ರಾಮಾಣಿಕಳೇ. ಹಟ್ಟಿಯ ಮೂಲೆಯಲ್ಲಿ ಹಳೇ ಹೆಡಿಗೆ, ಒಳಗೆ ಹುಲ್ಲು, ಗುಡುಗಿಗೆ ಮೊಟ್ಟೆ ಕೆಡದಿರಲಿ ಅಂತ ಒಂದು ಕಬ್ಬಿಣದ ಮೊಳೆ, ಎಲ್ಲದರ ಮೇಲೆ ಗರಿಯುಬ್ಬಿಸಿಕೊಂಡು ಬೂದಿ. ಕೈ ಹಾಕಿದ ಕೂಡಲೇ ಕುಕ್ಕಿತು. ಕಮಲಕ್ಕ ಸೆರಗನ್ನು ಕೈಗೆ ಸುತ್ತಿಕೊಂಡು ಬಿಸಿ ಹೊಟ್ಟೆಯ ಕೆಳಗಿಂದ ಮೊಟ್ಟೆಗಳನ್ನು ಎಳೆಎಳೆದು ಮಡಿಲಿಗೆ ಹಾಕಿಕೊಂಡಳು. ಒಂದೆರಡನ್ನು ಅಲ್ಲೇ ಬಿಡಬಹುದಿತ್ತು. ಬಿಡಲಿಲ್ಲ. ಅಮ್ಮಣ್ಣಿಯ ಕೋಳಿಗಳು ಇನ್ನೂ ಹೆಚ್ಚುವುದನ್ನು ನೋಡುವ ಶಕ್ತಿ ಅವಳಿಗಿರಲಿಲ್ಲ. ಕಾವಿನ ಮೊಟ್ಟೆಗೆ ಹೊಸದು ಬೆರೆಯದಿರಲಿ ಅಂತ ಊರಲ್ಲೆಲ್ಲ ಮಾಡುವ ಹಾಗೆ ಅಮ್ಮಣ್ಣಿ ಮೊಟ್ಟೆಗಳಿಗೆ ಮಸಿಯ ಗೆರೆ ಎಳೆದಿದ್ದಳು. ಕಮಲಕ್ಕನೂ ತನ್ನವಕ್ಕೆ ಅದೇ ರೀತಿ ಎಳೆದೇ ತಂದಿದ್ದಳು, ಅಷ್ಟು ತಯಾರಿ. ಅಂಗೈಯಲ್ಲೇ ಮೊಟ್ಟೆಯ ತಾಯಿಯನ್ನು ಗುರುತಿಸುತ್ತಿದ್ದ ಆ ಕೈ ಅವತ್ತು ಸೆರಗಿನೊಳಗಿತ್ತು, ಕಣ್ಣು ರಸ್ತೆಯ ಕಡೆಗಿತ್ತು.

ಮುಂದೇನು ಅಂತ ಯೋಚಿಸಿದ್ದಳಾ ಅಂದರೆ, ಹೊಟ್ಟೆಕಿಚ್ಚಿಗೆ ಅಷ್ಟೆಲ್ಲ ಮುಂದಾಲೋಚನೆ ಎಲ್ಲಿಂದ ಬರಬೇಕು? ಹುಟ್ಟುವ ಮರಿಗಳಿಗೆ ಕುತ್ತಿಗೆ ಬೋಳಿರುತ್ತದೆ. ಇದು ಕಮಲಕ್ಕನ ತವರಿನ ತಳಿ ಅಂತ ಊರೇ ಹೇಳುತ್ತದೆ. ಬೂದಿಯ ಹೊಟ್ಟೆ ಕೆಳಗೆ ಅದು ಹೇಗೆ ಬಂತು ಅಂತ ಅಮ್ಮಣ್ಣಿ ತಲೆ ಕೆಡಿಸಿಕೊಳ್ಳಲಿ. ಇಷ್ಟೇ ಅವಳ ಲೆಕ್ಕಾಚಾರ.

ಮನೆಗೆ ಬಂದು ಅಮ್ಮಣ್ಣಿಯ ಮೊಟ್ಟೆಗಳನ್ನು ಸಾರಿಗಾದರೂ ಹಾಕುವಾ ಅಂತ, ಕಾವಿಗೆ ಕೂತು ಎಷ್ಟು ದಿನವಾಯಿತೆಂದೂ ಎಣಿಸದೆ, ಕೈಯಲ್ಲಿದ್ದದ್ದನ್ನು ಸರಿಯಾಗಿ ನೋಡದೆ ಒಂದನ್ನು ಬಟ್ಟಲಿಗೆ ಒಡೆದಳು. ಒಳಗೆ ಮರಿಯಿತ್ತು. ಕೊಕ್ಕು ಮೂಡಿತ್ತು, ಮುಚ್ಚಿದ ದೊಡ್ಡ ಕಣ್ಣು, ಒದ್ದೆ ಗರಿಯ ನೆರಳು. ಎದೆ ಮಿಡಿಯುತ್ತಿತ್ತು. ಅವಳು ನೋಡುತ್ತಿದ್ದ ಹಾಗೆಯೇ ಸ್ವಲ್ಪ ಹೊತ್ತು ಮಿಡಿದು ನಿಂತಿತು.

ಕಮಲಕ್ಕ ಬಟ್ಟಲನ್ನೂ ಉಳಿದ ಮೊಟ್ಟೆಗಳನ್ನೂ ತೆಂಗಿನ ಬುಡಕ್ಕೆ ಒಯ್ದು ಹೂತಳು. ಕೈ ತೊಳೆದಳು, ಇನ್ನೊಮ್ಮೆ ತೊಳೆದಳು. ಅಮ್ಮಣ್ಣಿಯ ಕೋಳಿಯ ಮರಿ, ನನ್ನದಲ್ಲವಲ್ಲ ಅಂತ ತನಗೆ ತಾನೇ ಹೇಳಿಕೊಂಡಳು. ಸಂಜೆ ಬಸ್ಸಿಗೆ ಬಂದ ಅಮ್ಮಣ್ಣಿ ಬ್ರಹ್ಮಾವರದಿಂದ ತಂದ ಸೇಮಿಗೆಯ ಪೊಟ್ಟಣವನ್ನು ಬೇಲಿಯ ಮೇಲಿಂದ ಚಾಚಿದಳು. ಅದನ್ನು ತೆಗೆದುಕೊಂಡಾಗ ಕಮಲಕ್ಕನಿಗೆ ಅವಳ ಮೇಲೆ ಬಂದಷ್ಟು ಸಿಟ್ಟು ಹಿಂದೆ ಯಾವತ್ತೂ ಬಂದಿರಲಿಲ್ಲ.

ಅಮ್ಮಣ್ಣಿಯ ಲೆಕ್ಕದ ಪ್ರಕಾರ ಮರಿ ಒಡೆಯಬೇಕಾದ ದಿನ ಬಂತು, ಹೋಯಿತು. ಕಮಲಕ್ಕನ ಮೊಟ್ಟೆಗಳಿಗೆ ಇನ್ನೂ ಎರಡು ವಾರ ಬೇಕಿತ್ತು. ಹೊಟ್ಟೆಕಿಚ್ಚಿನ ಹುಚ್ಚಿನಲ್ಲಿ ಈ ಒಂದು ವಿಷಯ ಅವಳಿಗೆ ಹೊಳೆದೇ ಇರಲಿಲ್ಲ ನೋಡಿ! ಹುಟ್ಟಿನಿಂದ ಕೋಳಿ ಸಾಕಿದವಳು, ಮೊಟ್ಟೆ ಬದಲಾಯಿಸಿದರೆ ದಿನವೂ ಬದಲಾಗುತ್ತದೆ ಎಂಬುದನ್ನೇ ಮರೆತಿದ್ದಳು. ಈಗ ಬೇಲಿಯ ಈಚೆ ನಿಂತು, ಅಮ್ಮಣ್ಣಿ ದಿನಾ ಹೆಡಿಗೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಮೊಟ್ಟೆಯನ್ನು ಕಿವಿಗಿಟ್ಟು ಕೇಳುವುದನ್ನು ನೋಡುತ್ತಿದ್ದಳು. ಆ ವಾರ ಸಂಜೆ ಹೊತ್ತು ಗುಡುಗು ಬೇರೆ.

ಒಂದು ಬೆಳಿಗ್ಗೆ ಅಮ್ಮಣ್ಣಿ ಹೆಡಿಗೆಯನ್ನು ಸೊಂಟಕ್ಕಿಟ್ಟುಕೊಂಡು ನೀರು ಹರಿಯುವ ತೋಡಿನ ಕಡೆ ಹೊರಟಳು. ಬೂದಿ ಅವಳ ಕಾಲಿಗೆ ಅಡ್ಡಡ್ಡ ಓಡುತ್ತ ಕಿರುಚುತ್ತಿತ್ತು.

"ಎಲ್ಲಿಗೆ?" ಅಂತ ಕೇಳಿದಳು ಕಮಲಕ್ಕ.

"ಬಿಸಾಡೂಕೆ ಅಕ್ಕ. ಗುಡ್ಗಿಗೆ ಎಲ್ಲಾ ಕೆಟ್ಟೋಯ್ತ್ ಕಾಣತ್ತ್. ಮೊಳೆ ಇಟ್ಟದ್ದೂ ಪ್ರಯೋಜನ ಆಯ್ಲಿಲ್ಲೆ." ಅಮ್ಮಣ್ಣಿಯ ಕಣ್ಣು ಕೆಂಪಾಗಿತ್ತು. ನಾಲ್ಕು ಮೊಟ್ಟೆಗೆ ಇಷ್ಟು ಅಳುವುದು ಯಾಕೆ ಅಂತ ಕಮಲಕ್ಕನಿಗೆ ಅರ್ಥವಾಗಲಿಲ್ಲ.

ಬಾಯಿ ಮುಚ್ಚಿಕೊಂಡಿದ್ದರೆ ಮುಗಿದುಹೋಗುತ್ತಿತ್ತು. ಮೊಟ್ಟೆಗಳು ತೋಡಿಗೆ ಬೀಳುತ್ತಿದ್ದವು, ಮಾನ ಉಳಿಯುತ್ತಿತ್ತು. ಅಂಗಳ ಖಾಲಿ ಇರುತ್ತಿತ್ತು, ಇದ್ದರೆ ಇರಲಿ, ಬೆಳ್ಳಿಯ ಹತ್ತಿರ ಇನ್ನೊಮ್ಮೆ ಕೇಳಿದರಾಯಿತು. ಕಮಲಕ್ಕ ಒಂದು ಕ್ಷಣ ಹಾಗೇ ಅಂದುಕೊಂಡಳು. ಅಮ್ಮಣ್ಣಿ ತೋಡಿನ ದಂಡೆಗೆ ಹೋಗಿ, ಒಂದು ಮೊಟ್ಟೆ ಎತ್ತಿ, ಕಲ್ಲಿಗೆ ಹೊಡೆಯಲು ಕೈ ಮೇಲೆತ್ತಿದಳು. ಅದರೊಳಗೂ ಈಗ ಎದೆ ಮಿಡಿಯುವ ಹೊತ್ತು ಅಂತ ಕಮಲಕ್ಕನಿಗೆ ಗೊತ್ತಿತ್ತು. ತಾನು ಕಣ್ಣಾರೆ ಕಂಡಿದ್ದಳಲ್ಲ.

"ಹ್ವಾಯ್! ಒಡೀಬೇಡ ಮಾರಾಯ್ತಿ! ಕೆಟ್ಟದ್ದಲ್ಲ ಅದ್!"

ಅಮ್ಮಣ್ಣಿ ತಿರುಗಿದಳು. ಕಮಲಕ್ಕ ಬೇಲಿಯ ಸಂದಿಯಲ್ಲಿ ಸೆರಗು ಸಿಕ್ಕಿಸಿಕೊಂಡು, ಹರಿದುಕೊಂಡು, ಓಡಿಬಂದು ಅವಳ ಕೈ ಹಿಡಿದಳು.

"ಅದ್ ನಿನ್ನದಲ್ಲ. ನಂದ್. ಕುಂಭಾಶಿಂದ ತಂದದ್ದ್. ನೀ ಬ್ರಹ್ಮಾವರಕ್ಕೆ ಹೋದ್ ದಿನ ನಾನ್ ಬದ್ಲ್ ಮಾಡ್ದೆ. ಇನ್ನೂ ದಿನ ಇತ್ತ್ ಅದಕ್ಕೆ."

ಅಮ್ಮಣ್ಣಿ ಕೈಯಲ್ಲಿದ್ದ ಮೊಟ್ಟೆಯನ್ನು ನೋಡಿದಳು, ಮಸಿಯ ಗೆರೆಯನ್ನು ಹೆಬ್ಬೆರಳಿನಿಂದ ಉಜ್ಜಿದಳು. ಮೊದಲು ಹೆಡಿಗೆಯನ್ನು ಹಟ್ಟಿಗೆ ಒಯ್ದು ಇಟ್ಟಳು. ಬೂದಿ ಹಾರಿ ಕೂತು ಮೊಟ್ಟೆಗಳನ್ನು ಹೊಟ್ಟೆಯ ಕೆಳಗೆ ಸರಿಸಿಕೊಂಡಿತು. ಆಮೇಲೆ ಕೇಳಿದಳು. "ಮೊದ್ಲ್ ಇದ್ದದ್ನ ಎಂತ ಮಾಡ್ದ್ರಿ?"

"ಹೂತ್ ಹಾಕ್ದೆ."

"ಒಡ್ದ್ ಕಂಡ್ರಾ?"

"ಒಂದ್ ಕಂಡೆ."

"ಜೀವ ಇದ್ದಿತ್ತಾ?"

ಕಮಲಕ್ಕನಿಗೆ ಸುಳ್ಳು ಬಾಯಿಗೆ ಬಂತು, ಹೊರಗೆ ಬರಲಿಲ್ಲ. "ಇದ್ದಿತ್ತ್" ಅಂದಳು.

ಅಮ್ಮಣ್ಣಿ ಹಟ್ಟಿಯ ಹೊಸ್ತಿಲಲ್ಲಿ ಕೂತುಬಿಟ್ಟಳು. "ಅದ್ ನಮ್ ಕೋಳೀದಲ್ಲ ಅಕ್ಕ. ನಿಮ್ ಕೆಂಪಿದ್. ಕದ್ದ್ ಬಂದ್ ನಮ್ ಹುಲ್ ಕುತ್ರಿ ಒಳ್ಗೆ ಮೊಟ್ಟೆ ಇಡ್ತಿದ್ದಿತ್ತ್. ಆ ಹುಂಜ ಬಪ್ಪುಕೆ ಮೊದ್ಲೇ ಇಟ್ಟದ್ದ್. ನಿಮ್ಗೆ ಕೊಡ್ಕ್ ಅಂದ್ರೆ, ಅಷ್ಟೊತ್ತಿಗೆ ಎಲ್ಲಾ ಸತ್ತೋಯ್ತ್. ಬೂದಿಗೆ ಕಾವು ಬಂದಿತ್ತ್, ಇಟ್ಟೆ. ಮರಿ ಆದ್ ಮೇಲೆ ತಂದ್ ಕೊಡ್ವ ಅಂದ್ಕಂಡೆ. ಮೊದ್ಲೇ ಹೇಳೂಕೆ ಬಂದ್ರೆ ನೀವ್ ಬಿಡ್ಲಿಲ್ಲೆ."

ಇಷ್ಟು ಕೇಳಿದ ಮೇಲೆ ಮನುಷ್ಯರಿಗೆ ನಾಚಿಕೆ ಬರಬೇಕು, ದುಃಖ ಬರಬೇಕು. ಕಮಲಕ್ಕನಿಗೂ ಬಂತು, ಸಾಲಾಗಿ, ಒಂದರ ಹಿಂದೆ ಒಂದು. ಆದರೆ ಎಲ್ಲಕ್ಕಿಂತ ಮೊದಲು ಬಂದದ್ದು ಅದೇ ಹಳೇ ಉರಿ. ಇಂಥ ಬುದ್ಧಿ ಇವಳಿಗೆ ಬಂತಲ್ಲ, ತನಗೆ ಯಾಕೆ ಬರುವುದಿಲ್ಲ ಅಂತ. ಆ ಉರಿಯ ಮೇಲೆಯೇ ಅವಳಿಗೆ ಅಳು ಬಂದು, ಹಟ್ಟಿಯ ಕಂಬ ಹಿಡಿದು ಬಿಕ್ಕಿಬಿಕ್ಕಿ ಅತ್ತಳು. ದನ ಮೆಲುಕು ನಿಲ್ಲಿಸಿ ನೋಡಿತು. ಅಮ್ಮಣ್ಣಿ ಸಮಾಧಾನ ಮಾಡಲು ಏಳಲಿಲ್ಲ.

ಅತ್ತು ಮುಗಿದ ಮೇಲೆ ಅಮ್ಮಣ್ಣಿಯೇ ಹೇಳಿದಳು. "ಮೊಟ್ಟೆ ನಿಮ್ದ್, ಕಾವು ನಮ್ದ್. ಹುಟ್ಟಿದ್ರಲ್ಲಿ ಅರ್ಧ ನಂಗೆ."

"ಅರ್ಧ ನಿಂಗೆ" ಅಂದಳು ಕಮಲಕ್ಕ, ಬೇಗ ಬೇಗ. ಇಷ್ಟು ವರ್ಷದಲ್ಲಿ ಅಮ್ಮಣ್ಣಿ ಅವಳ ಹತ್ತಿರ ತನ್ನ ಪಾಲು ಅಂತ ಏನನ್ನಾದರೂ ಕೇಳಿದ್ದು ಇದೇ ಮೊದಲು. ಕೇಳಿದ್ದರಿಂದ ಕಮಲಕ್ಕನಿಗೆ ಉಸಿರಾಡಲು ಆಯಿತು.

ಮುಂದಿನ ದಿನಗಳಲ್ಲಿ ಇಬ್ಬರ ನಡುವೆ ಮಾತು ಅಷ್ಟಕ್ಕಷ್ಟೇ. ಕಮಲಕ್ಕ ಬೆಳಿಗ್ಗೆ ಬಂದು ಬೂದಿಗೆ ನುಚ್ಚು, ನೀರು ಇಟ್ಟು ಹೋಗುತ್ತಿದ್ದಳು. ಅಮ್ಮಣ್ಣಿ ಇದ್ದರೆ ಇದ್ದಳು, ಇಲ್ಲದಿದ್ದರೆ ಇಲ್ಲ. ಚಾ ಕುಡಿದು ಹೋಗಿ ಅನ್ನಲಿಲ್ಲ, ಯಾವತ್ತೂ ಅನ್ನುತ್ತಿದ್ದವಳು. ಆ ಚಾ ಸಿಗದೇ ಇದ್ದಾಗ ಕಮಲಕ್ಕನಿಗೆ ಅದರ ರುಚಿ ನೆನಪಾಗುತ್ತಿತ್ತು.

ಮರಿಗಳು ಒಡೆದ ದಿನ ಬೇಲಿಯಾಚೆಯಿಂದ ಕರೆ ಬಂತು. "ಹ್ವಾಯ್ ಅಕ್ಕ, ಬನ್ನಿ."

ಹೋಗಿ ನೋಡಿದರೆ ಹೆಡಿಗೆಯ ಸುತ್ತ ಕರಿಯವು, ಚುಕ್ಕೆಯವು, ಎಲ್ಲಕ್ಕೂ ಕುತ್ತಿಗೆ ಬೋಳು. ಕಮಲಕ್ಕ ಒಂದನ್ನು ಹಿಡಿಯಲು ಹೋದಳು, ಅದು ಓಡಿ ಬೂದಿಯ ರೆಕ್ಕೆಯೊಳಗೆ ಸೇರಿತು. ಅಮ್ಮಣ್ಣಿ ಒಂದು ಹಿಡಿ ನುಚ್ಚು ಚೆಲ್ಲಿ ಬಾ ಬಾ ಅಂದದ್ದೇ, ಬೂದಿ ಮರಿಗಳನ್ನೆಲ್ಲ ಕರೆದುಕೊಂಡು ಅವಳ ಕಾಲ ಬುಡಕ್ಕೆ ಹೋಯಿತು. ಕಮಲಕ್ಕ ಖಾಲಿ ಕೈಯಲ್ಲಿ ನಿಂತಿದ್ದಳು. ತಾನು ತಂದ ಮೊಟ್ಟೆ, ತನ್ನ ತವರಿನ ತಳಿ, ಅವೂ ಅಮ್ಮಣ್ಣಿಯ ಹಿಂದೆಯೇ! ಅದೇ ಹಳೇ ಉರಿ ಮತ್ತೆ ಹೆಡೆ ಎತ್ತಿತು. ಈ ಸಲ ಅವಳಿಗೆ ಅದನ್ನು ಒಳಗಿಟ್ಟುಕೊಳ್ಳಲು ಆಗಲಿಲ್ಲ.

"ನಿನ್ನ್ ಕಂಡ್ರೆ ನಂಗೆ ಹೊಟ್ಟೆಕಿಚ್ಚ್ ಅಮ್ಮಣ್ಣಿ" ಅಂದಳು. "ಮೊದ್ಲಿಂದ್ಲೂ."

"ಗೊತ್ತಿತ್ತ್" ಅಂದಳು ಅಮ್ಮಣ್ಣಿ, ಮರಿಗಳನ್ನೇ ನೋಡುತ್ತ. ಉಳಿದ ನುಚ್ಚನ್ನೂ ಚೆಲ್ಲಿದಳು. ಆಮೇಲೆ ಕೈ ಕೊಡವಿಕೊಂಡಳು. "ನಂಗೂ ಇದ್ದಿತ್ತ್ ಅಕ್ಕ. ನಿಮ್ ಕೆಂಪಿ ನಮ್ ಕುತ್ರಿಗೆ ಬಂದಾಗೆಲ್ಲ, ಇದ್ ನಂದಾಗಿದ್ರೆ ಅಂದ್ಕಂತಿದ್ದೆ. ಅದ್ಕೇ ಮೊಟ್ಟೆ ಸಿಕ್ಕ್ದ ಕೂಡ್ಲೇ ಹೇಳ್ಲಿಲ್ಲೆ. ಮರಿ ನಿಮ್ಗೆ ಕೊಡ್ಕ್ ಅಂದದ್ದ್ ಹೌದ್. ಆರೆ ಒಂದ್ ಕೆಂಪ್ ಹೇಂಟೆ ಮರಿ ನಿಮ್ಗೆ ಹೇಳ್ದೆ ಇಟ್ಕಂಬ ಅಂತಲೂ ಇದ್ದಿತ್ತ್."

ಕಮಲಕ್ಕ ಬಗ್ಗಿ, ಚೆಲ್ಲಿದ ನುಚ್ಚನ್ನು ಬೆರಳಿನಿಂದ ಮರಿಗಳ ಕಡೆ ಸರಿಸಿದಳು.

"ಈಗ ಕೆಂಪಿ ಮರಿ ಇಬ್ರಿಗೂ ಇಲ್ಲೆ" ಅಂದಳು ಅಮ್ಮಣ್ಣಿ.